ಬೇಗ ನೆನೆಯುವ ಕಾಳು

ಹುರುಳಿಗೆ ತಾಳ್ಮೆ ಹೆಚ್ಚು, ಅಲಸಂದೆಗೆ ಕಡಿಮೆ. ಹುರುಳಿಯನ್ನು ರಾತ್ರಿ ನೆನೆಹಾಕಿ ಮಲಗಿದರೆ ಬೆಳಗ್ಗೆಯೂ ಒಂದಿಷ್ಟು ಕಲ್ಲಿನಂಥ ಕಾಳು ಪಾತ್ರೆಯ ತಳದಲ್ಲಿ ಉಳಿದಿರುತ್ತದೆ. ಅಲಸಂದೆಗೆ ನೀರು ಸೋಕಿದರೆ ಸಾಕು, ಮೊದಲು ಸಿಪ್ಪೆ ಅಜ್ಜಿಯ ಅಂಗೈಯಂತೆ ಸುಕ್ಕಾಗುತ್ತದೆ, ಆಮೇಲೆ ಒಳಗಿನ ಬೇಳೆ ಉಬ್ಬಿ ಆ ಸುಕ್ಕನ್ನೆಲ್ಲ ತುಂಬಿಕೊಳ್ಳುತ್ತದೆ. ಹೇಳದೆ ಕೇಳದೆ ನೆಂಟರು ಬಂದರೆ ನಮ್ಮಮ್ಮ ಮೊದಲು ಕೈ ಹಾಕುವುದು ಅಲಸಂದೆ ಡಬ್ಬಿಗೇ. ನಾನೂ ಅದನ್ನೇ ಕಲಿತವಳು. ಬೇಗ ನೆನೆಯುತ್ತದೆ, ಬೇಗ ಬೇಯುತ್ತದೆ, ಸಾಧು ಕಾಳು ಎಂದು ಎಷ್ಟೋ ಸಲ ಹೊಗಳಿದ್ದೇನೆ.

ಆ ದಿನ ಕಲ್ಯಾಣದುರ್ಗದ ತವರುಮನೆಯಲ್ಲಿ ಬೆಳಗ್ಗೆಯೇ ಅಲಸಂದೆ ವಡೆ, ನಾಟಿಕೋಳಿ ಸಾರು. ನೆನೆದ ಕಾಳನ್ನು ಅಂಗೈಯಲ್ಲಿ ತಿಕ್ಕಿ, ತೇಲಿದ ಸಿಪ್ಪೆಯನ್ನು ಬಸಿದು, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ ಹಾಕಿ ಅಮ್ಮ ತರಿತರಿಯಾಗಿ ರುಬ್ಬುತ್ತಾಳೆ. ನುಣ್ಣಗಾದರೆ ಅವಳಿಗೆ ಕೋಪ ಬರುತ್ತದೆ. ಹಲ್ಲಿಗೆ ಒಂದಿಷ್ಟು ಕೆಲಸ ಬೇಡವೇ ಎನ್ನುತ್ತಾಳೆ. ಸಾರಿನಲ್ಲಿ ಅದ್ದಿಕೊಂಡು ನಾನು ತಿಂದದ್ದು ಹೊಟ್ಟೆಯ ಹಸಿವಿಗಲ್ಲ, ಕಣ್ಣಿನ ಆಸೆಗೆ. ಮಧ್ಯಾಹ್ನಕ್ಕೆ ಸೋದರತ್ತೆ ಬರುವವರಿದ್ದರು. ಹಾಗಾಗಿ ಅಮ್ಮ ಮತ್ತೊಂದಷ್ಟು ಕಾಳನ್ನು ಮೊರಕ್ಕೆ ಸುರಿದುಕೊಂಡು ಹಸನು ಮಾಡಲು ಕೂತಳು. ಮೂರು ವರ್ಷದ ನನ್ನ ಮಗಳು ಅಜ್ಜಿಯ ಮಂಡಿಗೆ ಒರಗಿಕೊಂಡು ಮೊರದಲ್ಲಿ ಕೈಯಾಡಿಸುತ್ತಿದ್ದಳು. ಅಮ್ಮ ಕಾಳಿಗೆ ನೀರು ಸುರಿದಳು. ನಾವು ಬಸ್‌ಸ್ಟ್ಯಾಂಡಿಗೆ ಹೊರಟೆವು. ಮರುದಿನ ಹಿಂದೂಪುರದಲ್ಲಿ ನಾನು ಕೆಲಸಕ್ಕೆ ಹೋಗಬೇಕಿತ್ತು.

ಬಸ್ಸಿನಲ್ಲಿ ಮಗಳು ಮೂಗನ್ನು ತಿಕ್ಕಿಕೊಳ್ಳುತ್ತಲೇ ಇದ್ದಳು. ನೆಗಡಿಯೇನೋ ಎಂದು ಸೆರಗಿನಿಂದ ಒರೆಸಿದೆ. ಒಂದೇ ಹೊಳ್ಳೆಯಲ್ಲಿ ನೀರು ಬರುತ್ತಿತ್ತು. ಮತ್ತೆ ಒರೆಸಿದೆ. ಅವಳು ನನ್ನ ಕೈ ತಳ್ಳಿ, ದೊಡ್ಡ ಗುಟ್ಟು ಹೇಳುವವಳಂತೆ, "ಅಮ್ಮಾ, ಕಾಳು ಮೂಗೊಳ್ಗೆ ಐತೆ" ಎಂದಳು.

ಮೊಬೈಲಿನ ಟಾರ್ಚ್ ಹಾಕಿ ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ನೋಡಿದೆ. ಒಳಗೆ, ಬೆರಳು ತಲುಪದಷ್ಟು ಆಳದಲ್ಲಿ, ಬೆಳ್ಳಗೆ ಒಂದು ಅಲಸಂದೆ ಕೂತಿತ್ತು. ಅದರ ಕಪ್ಪು ಕಣ್ಣು ನನ್ನ ಕಡೆಗೇ ತಿರುಗಿತ್ತು. ಕಿರುಬೆರಳು ಹಾಕಿದೆ, ಅದು ಇನ್ನೂ ಒಂದಿಷ್ಟು ಒಳಕ್ಕೆ ಸರಿಯಿತು.

ಪಕ್ಕದ ಸೀಟಿನ ಅಜ್ಜಿ ಸೊಂಟದ ಚೀಲದಿಂದ ನಶ್ಯದ ಡಬ್ಬಿ ತೆಗೆದರು. "ಒಂದ್ ಚಿಟಿಕೆ ಹಾಕಮ್ಮ, ಸೀನಿದ್ರೆ ತಾನೇ ಬಿದ್ದೋಯ್ತದೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಸೀನುವ ಮೊದಲು ಯಾರಾದರೂ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾರಲ್ಲ! ಆ ಒಂದು ಎಳೆತಕ್ಕೆ ಕಾಳು ಗಂಟಲಿಗೆ ಬಿದ್ದು, ಅಲ್ಲಿಂದ ಉಸಿರಿನ ದಾರಿಗೆ ಇಳಿದರೆ? "ಬೇಡಾ ಅಂದ್ರೆ ಬೇಡಾ!" ಎಂದು ನಾನು ಕಿರುಚಿದ ರೀತಿಗೆ ಅರ್ಧ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಬಂದು ವಿಷಯ ಕೇಳಿಕೊಂಡ. "ಮುಕ್ಕು ಡಾಕ್ಟರ್ ಹಿಂದೂಪುರಂಲೋನೇ ಉಂಡೇದಿ ಅಮ್ಮಾ, ಭಯಪಡಕು" ಎಂದ. ಮೂಗಿನ ಡಾಕ್ಟರು ಇರುವುದು ಹಿಂದೂಪುರದಲ್ಲೇ, ಭಯಪಡಬೇಡ ಎಂದವನ ಮುಖವೂ ಬಿಳಿಚಿಕೊಂಡಿತ್ತು. ಬಸ್ಸು ಇನ್ನೂ ಮಡಕಶಿರಾ ಮುಟ್ಟಿರಲಿಲ್ಲ.

ಆಗ ನನಗೆ ಅಡುಗೆಮನೆಯ ಪಾತ್ರೆ ನೆನಪಾಯಿತು. ಇವಳ ಮೂಗಿನಲ್ಲಿರುವ ಕಾಳೂ ಆ ಪಾತ್ರೆಯಲ್ಲಿರುವ ಕಾಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನೀರು ಕಂಡವು. ಅಮ್ಮನಿಗೆ ಫೋನು ಮಾಡಿದೆ. ವಿಷಯ ಹೇಳಿ, "ನೆನೆಹಾಕಿದ ಅಲಸಂದೆ ಎಷ್ಟು ಉಬ್ಬಿದೆ, ನೋಡಿ ಹೇಳಮ್ಮ" ಎಂದೆ.

ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ನೀರಿನಲ್ಲಿ ಕೈಯಾಡಿಸಿದ ಸದ್ದು.

"ಎಲ್ಲಿ ಉಬ್ಬವೆ ಕಣಮ್ಮ? ಹಂಗಂಗೇ ಅವೆ. ಗಟ್ಟಿ ಕಾಳು. ನೀನು ದಿಗಿಲು ಬೀಳಬೇಡ" ಎಂದಳು ಅಮ್ಮ.

ನನ್ನಮ್ಮ ಜನ್ಮದಲ್ಲಿ ಒಂದು ಸುಳ್ಳನ್ನೂ ನೆಟ್ಟಗೆ ಹೇಳಿದವಳಲ್ಲ. ಅಲಸಂದೆ ಎಷ್ಟು ಹೊತ್ತಿಗೆ ಎಷ್ಟು ಉಬ್ಬುತ್ತದೆಂದು ನನಗೆ ಕಲಿಸಿದವಳೇ ಅವಳು. ಫೋನನ್ನು ಇಟ್ಟು, ಮಗಳನ್ನು ಮಡಿಲಲ್ಲಿ ನೇರವಾಗಿ ಕೂರಿಸಿಕೊಂಡೆ.

ಉಳಿದ ದಾರಿಯುದ್ದಕ್ಕೂ ಮಗಳು ಅಳಬಾರದು, ಮೂಗೆಳೆಯಬಾರದು, ಮಲಗಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ, ಹೊಟ್ಟೆ ತುಂಬಿದ ಮಗುವನ್ನು ಓಲಾಡುವ ಬಸ್ಸಿನಲ್ಲಿ ಎಚ್ಚರವಾಗಿಡುವ ಪಾಡನ್ನು ಶತ್ರುವಿಗೂ ಕೊಡಬೇಡ ದೇವರೇ. ನಾಯಿಯ ಹಾಗೆ ಬಾಯಲ್ಲಿ ಉಸಿರಾಡು ಎಂದು ನಾನೇ ನಾಲಿಗೆ ಚಾಚಿ ತೋರಿಸಿದೆ. ಅವಳು ನಕ್ಕಳು, ನಗುವಾಗ ಮೂಗೆಳೆದಳು, ನಾನು ತಟ್ಟನೆ ನಗಿಸುವುದನ್ನು ಬಿಟ್ಟೆ. ನಿದ್ದೆಗೆ ಅವಳ ಕಣ್ಣು ಎಳೆದಾಗಲೆಲ್ಲ ಕೆನ್ನೆಗೆ ನೀರು ಚಿಮುಕಿಸಿದೆ. ನಶ್ಯದ ಅಜ್ಜಿ ನಾನು ಕಿರುಚಿದ್ದನ್ನೆಲ್ಲ ಮರೆತು, ಬಳೆ ಅಲ್ಲಾಡಿಸಿ ಅವಳನ್ನು ಆಡಿಸುತ್ತಾ ಬಂದರು. ಗಂಡ ಗೋರಂಟ್ಲದಲ್ಲಿ ಕೆಲಸದ ಮೇಲಿದ್ದರು, ಅವರು ಬರುವಷ್ಟರಲ್ಲಿ ನಾವೇ ಆಸ್ಪತ್ರೆ ಸೇರುತ್ತಿದ್ದೆವು. ನನ್ನ ಮಡಿಲಲ್ಲೇ, ನಾನು ನೋಡುತ್ತಿರುವಾಗಲೇ ಇವಳ ಉಸಿರು ನಿಂತುಹೋದರೆ ಎಂಬ ಒಂದೇ ಯೋಚನೆ. ಅದನ್ನು ತಳ್ಳಿದಷ್ಟೂ ಮತ್ತೆ ಬಂದು ಕೂರುತ್ತಿತ್ತು.

ಹಿಂದೂಪುರದಲ್ಲಿ ಆಟೋ ಹಿಡಿದು ಕಿವಿ ಮೂಗಿನ ಡಾಕ್ಟರ ಬಳಿಗೆ ಓಡಿದೆ. ಡಾಕ್ಟರಮ್ಮ ಹಣೆಯ ದೀಪ ಹಾಕಿಕೊಂಡು ನೋಡಿದರು.

"ಚೆನ್ನಾಗಿ ಉಬ್ಬಿದೆ. ಇಕ್ಕಳ ಹಾಕಿದಾಗ ಮಗು ತಲೆ ಅಲ್ಲಾಡಿಸಿದರೆ ಒಳಗೆ ಜಾರುತ್ತೆ. ಮೊದಲು ನೀವು ಊದಿ."

"ನಾನಾ?"

"ನೀವೇ. ಮುತ್ತು ಕೊಡ್ತೀನಿ ಅಂತ ಹೇಳಿ, ಬಾಯಿಗೆ ಬಾಯಿ ಇಟ್ಟು ಒಂದೇ ಸಲ ಜೋರಾಗಿ ಊದಬೇಕು. ಇನ್ನೊಂದು ಹೊಳ್ಳೆ ನಾನು ಮುಚ್ಚಿ ಹಿಡೀತೀನಿ."

ಮಗಳು ನಂಬಿಕೆಯಿಂದ ಬಾಯಿ ತೆರೆದು ಮುಖ ಎತ್ತಿದಳು. ಊದೋಣವೆಂದರೆ ನನ್ನಲ್ಲಿ ಉಸಿರೇ ಇರಲಿಲ್ಲ. ಮೊದಲ ಸಲ ಬಂದದ್ದು ಬರೀ ನಿಟ್ಟುಸಿರು. "ಇನ್ನೊಂದ್ಸಲ, ಧೈರ್ಯವಾಗಿ" ಎಂದರು ಡಾಕ್ಟರಮ್ಮ. ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಊದಿದೆ. ಬೆಚ್ಚಗೆ, ಒದ್ದೆಯಾಗಿ ಏನೋ ನನ್ನ ಕೆನ್ನೆಗೆ ಬಡಿಯಿತು.

ಸಿಪ್ಪೆ ಬಿರಿದ, ದಪ್ಪಗಿನ ಅಲಸಂದೆ. ವಡೆಗೆ ರುಬ್ಬಲು ಹದವಾಗಿ ನೆನೆದಿತ್ತು. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಡಾಕ್ಟರಮ್ಮ ಮಗಳ ಗಲ್ಲ ಸವರಿ ಕೇಳಿದರು, "ಎಷ್ಟು ಕಾಳು ಹಾಕ್ಕೊಂಡಿದ್ದೆ ಪುಟ್ಟಾ?"

"ಎರಡು."

ನನ್ನ ಅಳು ಅಲ್ಲಿಗೇ ನಿಂತಿತು. ಡಾಕ್ಟರಮ್ಮ ಮತ್ತೆ ದೀಪ ಹಾಕಿಕೊಂಡು ಆ ಹೊಳ್ಳೆ, ಈ ಹೊಳ್ಳೆ, ಎರಡೂ ಕಿವಿ, ಗಂಟಲು ಎಲ್ಲ ನೋಡಿದರು. ಎಲ್ಲಿಯೂ ಇರಲಿಲ್ಲ. ಸ್ವಲ್ಪ ಯೋಚಿಸಿ, "ನಿಂಗೆ ಮೂಗು ಎಷ್ಟು?" ಎಂದರು. "ಎರಡು." "ಅಪ್ಪ ಎಷ್ಟು ಜನ?" "ಎರಡು." ನರ್ಸ್ ಪಕ್ಕನೆ ನಕ್ಕಳು. ಡಾಕ್ಟರಮ್ಮನೂ ನಕ್ಕು, "ಇವಳಿಗೆ ಎಲ್ಲಾನೂ ಎರಡೇ" ಎಂದರು. ಆದರೂ ಸ್ಟೆತಸ್ಕೋಪ್ ತೆಗೆದುಕೊಂಡು ಎದೆಗೆ, ಬೆನ್ನಿಗೆ ಇಟ್ಟು ನಿಧಾನವಾಗಿ ಕೇಳಿದರು.

"ಎರಡೂ ಕಡೆ ಉಸಿರು ಸರಿಯಾಗಿದೆ. ನುಂಗಿದ್ದರೆ ತೊಂದರೆ ಇಲ್ಲ. ಕೆಮ್ಮು ಶುರುವಾಗಿ ನಿಲ್ಲದೇ ಹೋದರೆ ಮಾತ್ರ ತಕ್ಷಣ ಬನ್ನಿ."

"ಎಕ್ಸ್‌ರೇ ತೆಗೆದು ನೋಡಬಹುದಲ್ಲಾ ಮೇಡಂ?"

"ಕಾಳು ಎಕ್ಸ್‌ರೇಯಲ್ಲಿ ಕಾಣೋದು ಕಷ್ಟ ಅಮ್ಮ."

ಈಗ ಅವಳು ಶಾಲೆಗೆ ಹೋಗುತ್ತಾಳೆ. ಕನ್ನಡ, ತೆಲುಗು ಎರಡರಲ್ಲೂ ನೂರರವರೆಗೆ ಎಣಿಸುತ್ತಾಳೆ. ಆ ದಿನ ಎಷ್ಟು ಕಾಳು ಎಂದರೆ ಅವಳಿಗೆ ಆ ದಿನವೇ ನೆನಪಿಲ್ಲ. ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ, ಇನ್ನು ಬಿಡು ಎನ್ನುತ್ತಾರೆ ಗಂಡ. ಅವರು ಹೇಳುವುದು ಸರಿ, ನನಗೂ ಗೊತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಒಣಮೆಣಸಿನಕಾಯಿಯ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾರೆ. ಓದುತ್ತಾ ಕೂತ ಅವಳೂ ಕೆಮ್ಮುತ್ತಾಳೆ. ನಾನು ಸ್ಟವ್ ಆರಿಸಿ, ಸೌಟು ಹಿಡಿದುಕೊಂಡೇ ಹೋಗಿ ಅವಳ ಬೆನ್ನಿಗೆ ಕಿವಿ ಇಡುತ್ತೇನೆ.

"ಉಸಿರು ಬತ್ತಾ ಐತೆ ಕಣಮ್ಮ, ಹೋಗು" ಎನ್ನುತ್ತಾಳೆ, ಪುಸ್ತಕದಿಂದ ತಲೆ ಎತ್ತದೆ.

ನಾನು ಇನ್ನೊಂದು ಉಸಿರು ಕೇಳಿಸಿಕೊಂಡೇ ಏಳುತ್ತೇನೆ.