ಫೆಲಿಕ್ಸ್ ಪೊರ್ಬುಗಳು ಬಿಡಿಸಿಕೊಟ್ಟ ಪದ

ಮದುವೆಯ ಕಾಗದ ಕೊಡಲು ಹೋದವರಿಗೆ ಫೆಲಿಕ್ಸ್ ಪೊರ್ಬುಗಳು ಅದನ್ನು ತಿದ್ದಿ ಹಿಂದಕ್ಕೆ ಕೊಡುತ್ತಿದ್ದರು. ಕುಳಿತುಕೊಳ್ಳಿ ಎನ್ನುವ ಮೊದಲೇ ಜೇಬಿನಿಂದ ಕೆಂಪು ಪೆನ್ನು ಹೊರಬರುತ್ತಿತ್ತು. "ಹುಡುಗನ ಅಪ್ಪನ ಹೆಸರೇ ತಪ್ಪುಂಟಲ್ಲ ಮಾರಾಯ, ಇದು ಯಾರ ಮಗನ ಮದುವೆ?" ಎಂದು ಅವರು ಕೇಳಿದರೆ ಬಂದವನು ಅಲ್ಲಿಂದಲೇ ಪ್ರೆಸ್ಸಿಗೆ ಓಡಬೇಕಿತ್ತು. ಒಮ್ಮೆ ಮೀನಿನ ಅಂಗಡಿಯ ಮುಂದೆ ಸ್ಟೂಲ್ ಹಾಕಿಸಿಕೊಂಡು ಹತ್ತಿ, 'ತಾಜ ಮೀನು' ಎಂದಿದ್ದ ಬೋರ್ಡಿಗೆ ಸೀಮೆಸುಣ್ಣದಲ್ಲಿ ದೀರ್ಘ ಎಳೆದಿದ್ದರು. "ದೀರ್ಘ ಇಲ್ಲದಿದ್ರೆ ಬೂತಾಯಿ ಮಧ್ಯಾಹ್ನದ ಒಳಗೆ ಹಾಳಾಗ್ತದೆ" ಎಂದು ಅಂಗಡಿಯವನಿಗೆ ಗಂಭೀರವಾಗಿ ಹೇಳಿದ್ದರು.

ಬೋಳಾರದ ನಮ್ಮ ಓಣಿಯಲ್ಲಿ ಅವರ ಮನೆ ನಮ್ಮದಕ್ಕೆ ತಾಗಿಯೇ ಇತ್ತು. ನಮ್ಮದು ತಲೆತಲಾಂತರದಿಂದ ಕಡಲಿಗೆ ಹೋಗುವವರ ಮನೆ, ಅವರದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ತುಳುವಿನ ನಾವು ಅಂಥವರನ್ನು ಪೊರ್ಬುಗಳು ಎಂದೇ ಕರೆಯುವುದು. ಹರೆಯದಲ್ಲಿ ಪಾದ್ರಿಯಾಗಲೆಂದು ಸೆಮಿನರಿಗೆ ಸೇರಿ, ಮೂರು ವರ್ಷ ಲ್ಯಾಟಿನ್ ಓದಿ, ಬಿಟ್ಟುಬಂದು, ಆಮೇಲೆ ನಿವೃತ್ತಿಯವರೆಗೂ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವರು ಅವರು. ಮದುವೆಯಾಗಲಿಲ್ಲ. ನರ್ಸ್ ಆಗಿದ್ದ ತಂಗಿ ಮೊಂತಿಬಾಯಿ ಅಡಿಗೆ ಮಾಡಿಹಾಕಿ, ಬೈದು, ಅವರನ್ನು ನೋಡಿಕೊಳ್ಳುತ್ತಿದ್ದರು.

ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಕಾಲೇಜಿಗೆ ಹೋಗುವಾಗ ಇಂಗ್ಲಿಷ್ ಪದಗಳ ಅರ್ಥ ಕೇಳಲು ಅವರ ಜಗಲಿಗೆ ಹೋಗುತ್ತಿದ್ದೆ. ಅರ್ಥ ತಿಳಿದ ಕೂಡಲೇ ಏಳಹೊರಟರೆ ತಡೆಯುತ್ತಿದ್ದರು. "ಅರ್ಥ ಸಿಕ್ಕಿತು ಅಂತ ಓಡುದಲ್ಲ ಮಾರಾಯ್ತಿ. ಈ ಪದದ ಮನೆ ಎಲ್ಲಿ? ಬರುವಾಗ ದಾರಿಯಲ್ಲಿ ಎಂತ ಆಯ್ತು? ಅದು ಬೇಡ್ವಾ?" ಆಗ ನನಗೆ ಅದು ಬೇಡವಾಗಿತ್ತು. ಬೇಕಾದ ದಿನ ಬಂದಾಗ ನಾನು ಕನ್ನಡದ ಅತಿಥಿ ಉಪನ್ಯಾಸಕಿಯಾಗಿದ್ದೆ.

ಪರೀಕ್ಷೆ ನಡೆಯುತ್ತಿತ್ತು. ನಾನು ಮೇಲ್ವಿಚಾರಕಿಯಾಗಿದ್ದ ಕೋಣೆಯಲ್ಲಿ ನಿಶಾ ಎಂಬವಳಿದ್ದಳು. ಮದುವೆಯಾಗಿ, ಮಗುವಾಗಿ, ಡಿಗ್ರಿಯ ಉಳಿದ ಒಂದೇ ವಿಷಯ ಬರೆಯಲು ಮೂರನೆಯ ಸಲ ಬಂದಿದ್ದಳು. ಅವಳು ಚೂಡಿದಾರದ ತೋಳಿನಿಂದ ಚೀಟಿ ಎಳೆಯುವುದು ನನಗೆ ಕಂಡಿತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಐದು ನಿಮಿಷವೂ ಆಗಿರಲಿಲ್ಲ, ಹೊರಗಿನಿಂದ ಬಂದ ತನಿಖಾ ತಂಡದವರು ಅವಳನ್ನು ಹಿಡಿದರು.

ಮೂರು ದಿನ ಬಿಟ್ಟು ನನಗೆ ಇಂಗ್ಲಿಷಿನಲ್ಲಿ ನೋಟಿಸ್ ಬಂತು. ನಿಮ್ಮ ಮೇಲೆ ವಿದ್ಯಾರ್ಥಿನಿಯೊಂದಿಗೆ 'ಕನೈವ್ ವಿತ್' ಮಾಡಿದ ಆರೋಪವಿದೆ, ಉತ್ತರಿಸಿ ಎಂದಿತ್ತು. ಸಹೋದ್ಯೋಗಿಗಳೆಲ್ಲ ಒಂದೇ ಮಾತು ಹೇಳಿದರು: ನನಗೆ ಏನೂ ಕಾಣಲಿಲ್ಲ, ಅವಳು ಉಪಾಯವಾಗಿ ಮೋಸ ಮಾಡಿದಳು ಎಂದು ಬರೆದುಬಿಡಿ. ಹಾಗೆಯೇ ಬರೆದು, ಇಂಗ್ಲಿಷ್ ತಿದ್ದಿಸಿಕೊಳ್ಳಲು ಪೊರ್ಬುಗಳ ಬಳಿ ಹೋದೆ.

ಅವರು ನನ್ನ ಉತ್ತರವನ್ನು ಬದಿಗಿಟ್ಟು ನೋಟಿಸನ್ನು ಓದಿದರು.

"ಕನೈವ್ ಅಂದ್ರೆ ಎಂತ ಅಂತ ಗೊತ್ತುಂಟಾ ಟೀಚರ್?"

"ಒಳಸಂಚು ಮಾಡುದು."

"ಅದು ಈಗಿನ ಅರ್ಥ. ಲ್ಯಾಟಿನಿನಲ್ಲಿ 'ಕೊನ್ನಿವೇರೆ' ಅಂದ್ರೆ ಕಣ್ಣು ಮುಚ್ಚುದು, ಅಷ್ಟೆ. ಇಂಗ್ಲಿಷಿಗೆ ಬಂದಾಗ ತಪ್ಪನ್ನು ಕಂಡೂ ಕಾಣದ ಹಾಗೆ ಇರುದು ಅಂತ ಆಯ್ತು. ಕಣ್ಣು ಮುಚ್ಚಿಕೊಂಡವನೂ ಒಳಗೊಳಗೆ ಸೇರಿದವನೇ ಅಂತ ಜನರಿಗೆ ಅನ್ನಿಸಿತು, ಹಾಗೆ ಒಳಸಂಚು ಅಂತ ಅರ್ಥ ಬೆಳೀತು. ಈಗ ಎರಡೂ ಉಂಟು. 'ಕನೈವ್ ವಿತ್' ಅಂದ್ರೆ ಇಬ್ಬರೂ ಸೇರಿ ಹೂಡಿದ್ದು. 'ಕನೈವ್ ಆ್ಯಟ್' ಅಂದ್ರೆ ಅವಳು ಮಾಡಿದ್ದು, ನೀನು ಕಣ್ಣು ಮುಚ್ಚಿದ್ದು." ಕನ್ನಡಕ ತೆಗೆದರು. "ನಿನಗೆ ಕಂಡಿತ್ತಾ?"

ಹೌದು ಎಂದೆ.

"ಹಾಗಾದ್ರೆ ನಿನ್ನದು 'ಆ್ಯಟ್'. ಇವರು 'ವಿತ್' ಬರೆದದ್ದು ತಪ್ಪು. ಆದ್ರೆ ನೀನು ಬರೆದದ್ದು ಅದಕ್ಕಿಂತ ದೊಡ್ಡ ತಪ್ಪು."

ನನಗೆ ಸಿಟ್ಟು ಬಂತು. "ನನ್ನ ಕೆಲಸ ಹೋದ್ರೆ ನೀವು ಕೊಡ್ತೀರಾ?"

ಅವರು ಬೇಸರಿಸಲಿಲ್ಲ. ಸೆಮಿನರಿಯಲ್ಲಿ ಜೊತೆಗಿದ್ದ ಗೆಳೆಯನೊಬ್ಬನ ಕತೆ ಹೇಳಿದರು. ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಅವನೊಂದು ಮಧ್ಯಾಹ್ನ ಯಾರ ಅನುಮತಿಯನ್ನೂ ಕೇಳದೆ ಬಿಜೈಯ ಮನೆಗೆ ಹೋಗಿದ್ದ, ಹೋಗುವಾಗ ಇವರಿಗೆ ಹೇಳಿಯೇ ಹೋಗಿದ್ದ. ವಿಚಾರಣೆ ಬಂದಾಗ ಅವನು, ತಾಯಿಯನ್ನು ನೋಡಲು ಹೋದದ್ದು ಫೆಲಿಕ್ಸನಿಗೆ ಗೊತ್ತಿದೆ, ಕೇಳಿ ಎಂದ. "ನಾನು, ನನಗೇನೂ ಗೊತ್ತಿಲ್ಲ ಅಂತ ಬರೆದುಕೊಟ್ಟೆ. ತಾಯಿಯನ್ನು ನೋಡ್ಲಿಕ್ಕೆ ಹೋದವ ಸುಳ್ಳನೂ ಆದ. ಅವನನ್ನು ಸೆಮಿನರಿ ಬಿಡಿಸಿ ಮನೆಗೆ ಕಳಿಸಿದ್ರು. ನಾನು ಬರೆದದ್ದು ಒಂದೇ ಸಾಲು, ಟೀಚರ್. ಸ್ಪೆಲ್ಲಿಂಗ್ ಎಲ್ಲ ಸರಿ ಇತ್ತು."

ಮೊಂತಿಬಾಯಿ ಚಹಾ ತಂದಿಟ್ಟು, ಅಣ್ಣನ ಮುಖ ನೋಡಿ, ಒಳಗೆ ಹೋದರು.

ನಾನು ಅಲ್ಲಿಯೇ ಕುಳಿತು ಮತ್ತೆ ಬರೆದೆ. ನಾವಿಬ್ಬರೂ ಸೇರಿ ಯಾವ ಸಂಚೂ ಮಾಡಿಲ್ಲ, ಚೀಟಿಯ ವಿಷಯ ನನಗೆ ಮೊದಲೇ ತಿಳಿದಿರಲಿಲ್ಲ, ಆದರೆ ಕಂಡ ಮೇಲೆ ಮುಖ ತಿರುಗಿಸಿದೆ, ಅದು ನನ್ನ ತಪ್ಪು. ಪೊರ್ಬುಗಳು ಒಂದು ಅಲ್ಪವಿರಾಮ ಹಾಕಿಕೊಟ್ಟರು, ಅಷ್ಟೆ.

ವಿಚಾರಣೆಯ ದಿನ ಸಮಿತಿಯ ಹಿರಿಯರೊಬ್ಬರು ಕಾಗದವನ್ನು ಎರಡು ಸಲ ಓದಿ, "ಇದನ್ನು ಯಾರು ಬರೆದುಕೊಟ್ಟದ್ದು?" ಎಂದರು. "ಬರೆದದ್ದು ನಾನೇ. ಪದದ ಅರ್ಥ ಹೇಳಿದ್ದು ನೆರೆಮನೆಯವರು" ಎಂದೆ. ಸಂಚಿನ ಆರೋಪ ಬಿದ್ದುಹೋಯಿತು. ಸಂಚು ಎಂದಾಗಿದ್ದರೆ ಮೂರು ವರ್ಷ ಪರೀಕ್ಷೆಗೇ ಕೂರದಂತಾಗುತ್ತಿದ್ದ ನಿಶಾಳಿಗೆ ಆ ಒಂದು ಪತ್ರಿಕೆ ಮಾತ್ರ ರದ್ದಾಯಿತು. ಮುಂದಿನ ಸಲ ಅವಳು ಓದಿಯೇ ಪಾಸಾದಳು. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಒಂದು ವರ್ಷ ಪರೀಕ್ಷಾ ಕೆಲಸ ಕೊಡಲಿಲ್ಲ. ಪಾಠ ಮಾಡುವ ಕೆಲಸ ಉಳಿಯಿತು.

ಆ ವರ್ಷವೇ ಅಣ್ಣ ತಂಗಿ ಇಬ್ಬರೂ ಪಡೀಲಿನ ಬಾಡಿಗೆ ಮನೆಗೆ ಹೋದರು. ಫೋನಿನಲ್ಲಿ ಉಪಕಾರದ ಮಾತೆತ್ತಿದರೆ ಪೊರ್ಬುಗಳು ಬಸ್ಸಿನ ಬೋರ್ಡಿನ ತಪ್ಪುಗಳ ಕಡೆಗೆ ಮಾತು ತಿರುಗಿಸುತ್ತಿದ್ದರು. ಅದರ ಮುಂದಿನ ಮಳೆಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ, ಅವರು ತೀರಿಕೊಂಡರು.

ನನಗೆ ಮತ್ತೆ ಪರೀಕ್ಷಾ ಕೆಲಸ ಸಿಕ್ಕಿದ್ದು ಅದಾದ ತಿಂಗಳಿಗೆ. ಮೊದಲ ದಿನವೇ ಹುಡುಗಿಯೊಬ್ಬಳ ಕೈ ತೋಳಿನೊಳಗೆ ಹೋಗುವುದು ಕಂಡಿತು. ಚೀಟಿ ಹೊರಬರುವ ಮೊದಲೇ ಪಕ್ಕಕ್ಕೆ ಹೋಗಿ ಕೈ ಚಾಚಿದೆ. ಅವಳು ಕೊಟ್ಟಳು. "ಗೊತ್ತಿದ್ದಷ್ಟು ಬರೆ" ಎಂದೆ. ಅಳುತ್ತಲೇ ಬರೆದಳು.

ಸಂಜೆ ನೇರ ಪಡೀಲಿಗೆ ಹೋದೆ. ಬಾಗಿಲು ತೆಗೆದ ಮೊಂತಿಬಾಯಿಯನ್ನು ನೋಡಿದ ಮೇಲೆ, ಇಲ್ಲದವರಿಗೆ ಹೇಳಲು ಬಂದೆನಲ್ಲ ಎಂದು ನನಗೇ ನಾಚಿಕೆಯಾಯಿತು.

"ಪೊರ್ಬುಗಳಿಗೆ ಒಂದು ವಿಷಯ ಹೇಳ್ಲಿಕ್ಕಿತ್ತು ಬಾಯಿ" ಎಂದೆ.

ಅವರು ಕುರ್ಚಿ ಎಳೆದು ಹಾಕಿದರು. "ನನಗೆ ಹೇಳು. ನಿಧಾನ ಹೇಳು. ಅವನ ಹಾಗೆ ಮಧ್ಯದಲ್ಲಿ ತಿದ್ಲಿಕ್ಕೆ ನನಗೆ ಬರುದಿಲ್ಲ."

ನಾನು ಕುಳಿತು ಹೇಳತೊಡಗಿದೆ.