ಬೂಟಿನ ಮೇಷ್ಟ್ರು ತಂಗಿಯ ಮನೆಗೆ ಹೋದದ್ದು

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂತು, ಕಾಲು ಗಿಡ್ಡವಾದವರಿಗೆ, ಪಾದ ತಿರುಚಿಕೊಂಡವರಿಗೆ ಬೂಟು ಹೊಲಿದು ಕೊಡುತ್ತಿದ್ದ ಅವರನ್ನು ಎಲ್ಲರೂ ಬೂಟಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ದಪ್ಪ ಅಟ್ಟೆಯನ್ನು ಎದ್ದು ಕಾಣದ ಹಾಗೆ ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಪ್ರಾರ್ಥನಾಲಯದಲ್ಲಿ ವಾರವಾರ ಧರ್ಮಗ್ರಂಥ ಓದಿ ಹೇಳುವವರೂ ಅವರೇ. ಹಾಗಾಗಿ ಅಳತೆ ತೆಗೆಯುವಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ.

"ದೇವರು ಸುಮ್ಸುಮ್ನೆ ಯಾರಿಗೂ ಕಷ್ಟ ಕೊಡಲ್ಲಮ್ಮ. ಎಲ್ಲೋ ತಪ್ಪಾಗಿರುತ್ತೆ. ತಿದ್ಕೊಂಡ್ರೆ ಅವನೇ ನೋಡ್ಕೋತಾನೆ."

ಅವರಿಗೆ ಐವತ್ತೆರಡು ತುಂಬಿದ ವರ್ಷ, ಹುಟ್ಟಿನಿಂದಲೇ ಒಂದು ಕಾಲು ಗಿಡ್ಡವಾಗಿದ್ದ ಏಳು ವರ್ಷದ ಹುಡುಗಿಯೊಬ್ಬಳು ಬಂದಳು. ಕಾಗದದ ಮೇಲೆ ಅವಳ ಪಾದ ಇರಿಸಿ ಸುತ್ತ ಪೆನ್ಸಿಲ್ ಎಳೆಯುತ್ತಾ, ಅವಳ ತಾಯಿಗೂ ಅದೇ ಮಾತು ಹೇಳಿದರು.

"ನಾನೇನು ತಪ್ಪು ಮಾಡಿದ್ದೆ ತಾತ?" ಎಂದಳು ಹುಡುಗಿ. "ಹೇಳಿದ್ರೆ ತಿದ್ಕೋತೀನಿ."

ತಲೆಹರಟೆಯ ಪ್ರಶ್ನೆಯಲ್ಲ ಅದು. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಪೆನ್ಸಿಲ್ ನಿಂತಿತು. ಮೇಷ್ಟ್ರು ಅವಳ ಪಾದವನ್ನು ಕಾಗದದಿಂದ ಎತ್ತಿ ತಮ್ಮ ಅಂಗೈಯಲ್ಲಿ ಇರಿಸಿಕೊಂಡರು.

"ನೀನೇನೂ ಮಾಡಿಲ್ಲ ಮಗು," ಎಂದರು. "ನಾನೇ ತಪ್ಪು ಹೇಳ್ದೆ."

ನಂಬಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಒಂದೂವರೆ ವರ್ಷ ಓದಿದ್ದನ್ನೇ ಮತ್ತೆ ಓದಿದರು. ಪ್ರಾರ್ಥನಾಲಯದ ಸಭೆಯ ಹಿರಿಯರನ್ನು ಕೇಳಿದರೆ, ಪ್ರಶ್ನೆ ಕೇಳುವುದೇ ಅಹಂಕಾರ ಎಂದರು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಹೊರಟವರು ಹೊಸ್ತಿಲಲ್ಲೇ ನಿಂತು, ಜೊತೆಗೆ ಹೊರಟಿದ್ದ ಹೆಂಡತಿಗೆ ಹೇಳಿದರು:

"ಇನ್ನು ನನ್ನಿಂದ ಆಗಲ್ಲ ಕಣೇ. ನಂಬಿಕೆ ಇಲ್ದೆ ಓದಿದ್ರೆ ನಾಟಕ ಆಗುತ್ತೆ."

ಹೆಂಡತಿ ತಿಂಗಳುಗಟ್ಟಲೆ ಅತ್ತರು. ಆಮೇಲೆ ಹೇಗೋ ಒಗ್ಗಿಕೊಂಡರು. "ನಿಮ್ಮ ಪಾಲಿನ ಪ್ರಾರ್ಥನೇನೂ ನಾನೇ ಮಾಡ್ತಿದೀನಿ, ಮಂಡಿ ಹಿಡ್ಕೊಳ್ತಿದೆ" ಎಂದು ಗೊಣಗುವಷ್ಟು. ಮೇಷ್ಟ್ರು ಅವರನ್ನು ಪ್ರಾರ್ಥನಾಲಯದ ಗೇಟಿನವರೆಗೆ ಬಿಟ್ಟು ಬರುತ್ತಿದ್ದರು.

ನಂಬಿಕೆ ಹೋದರೆ ಎದೆಯೆಲ್ಲ ಖಾಲಿಯಾದೀತೆಂದು ಹೆದರಿದ್ದರು. ಆದದ್ದೇ ಬೇರೆ. ತಮ್ಮಿಂದ ನೊಂದವರ ಮುಖಗಳು ಒಂದೊಂದಾಗಿ ಎದುರು ಬಂದು ನಿಂತವು. ಎಲ್ಲಕ್ಕಿಂತ ಮುಂದೆ ತಂಗಿಯದು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳನ್ನು ಯಾರೂ ಮನೆಗೆ ಸೇರಿಸಬಾರದೆಂದು ಹದಿನಾಲ್ಕು ವರ್ಷದ ಹಿಂದೆ ಸಭೆ ತೀರ್ಮಾನಿಸಿದಾಗ, ಮೊದಲು ಮೇಲೆದ್ದದ್ದು ಅಣ್ಣನ ಕೈ. ಅವತ್ತು ಮಾಡಿದ್ದು ತಪ್ಪೆನಿಸಿದಾಗ ದೇವರಲ್ಲಿ ಕ್ಷಮೆ ಬೇಡಿ ಹಗುರಾಗಿದ್ದರು. ತಂಗಿಯನ್ನು ಕೇಳಿರಲಿಲ್ಲ. ಈಗ ಕೇಳುವುದಕ್ಕೆ ಅವಳ ಹೊರತು ಯಾರೂ ಉಳಿದಿರಲಿಲ್ಲ.

ತಂಗಿ ಇಸ್ತ್ರಿ ಮಾಡಿ ಬದುಕುತ್ತಿದ್ದಳು. ಮೂರನೇ ಮಹಡಿಯ ಒಂಟಿ ಕೋಣೆ. ಮೇಜಿನ ಮೇಲೆ ಬಿಳಿ ಅಂಗಿಗಳ ರಾಶಿ. ಬಾಗಿಲಲ್ಲಿ ನಿಂತವರನ್ನು ನೋಡಿಯೂ ಅವಳು ಕೈ ನಿಲ್ಲಿಸಲಿಲ್ಲ.

"ಯಾರು ಕಳಿಸಿದ್ರು ಅಣ್ಣ? ಸಭೆಯೋರಾ, ದೇವರಾ?"

"ಯಾರೂ ಕಳಿಸಿಲ್ಲ. ನಾನೇ ಬಂದೆ. ನಿನ್ನ ಗಂಡ ನಿಂಗೆ ಹೊಡೀತಾನೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕೈ ಎತ್ತಿದೆ."

"ಕ್ಷಮಿಸು ಅನ್ನೋಕೆ ಬಂದ್ಯಾ?"

"ಹೂಂ. ಕ್ಷಮಿಸ್ಲೇಬೇಕು ಅಂತೇನಿಲ್ಲ."

"ಇವತ್ತಂತೂ ಆಗಲ್ಲ." ಅಂಗಿಯನ್ನು ಮಡಚಿಟ್ಟಳು. "ಆ ಬಟ್ಟೆ ಎತ್ತಿಟ್ಟು ಕುರ್ಚೀಲಿ ಕೂತ್ಕೋ. ಅಲ್ಲೇ ನಿಂತ್ರೆ ಬೆಳಕಿಗೆ ಅಡ್ಡ."

ಮೇಷ್ಟ್ರು ಪ್ರತಿ ವಾರ ಹೋಗತೊಡಗಿದರು. ಮೊದಮೊದಲು ಬರೀ ಅಂಗಿ ಮಡಚುವುದು. ಅದೂ ನೆಟ್ಟಗೆ ಬರುತ್ತಿರಲಿಲ್ಲ. ತಂಗಿ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಇತ್ತ ಆಸ್ಪತ್ರೆಯ ಕೋಣೆಯಲ್ಲಿ ಕಾಲು ಚಾಚಿದವರಿಗೆ ಈಗ ಉಪದೇಶವಿರಲಿಲ್ಲ. "ಎಲ್ಲಿ ಒತ್ತುತ್ತೆ?" ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಕಾಯುತ್ತಿದ್ದರು.

ದಾರಿಯಲ್ಲಿ ಸಿಕ್ಕ ಸಭೆಯ ಹಿರಿಯರೊಮ್ಮೆ ತಡೆದು ಕೇಳಿದರು: "ದೇವರನ್ನೇ ಬಿಟ್ಟವನಿಗೆ ಕರುಣೆ ಎಲ್ಲಿಂದ ಬರುತ್ತಯ್ಯಾ?"

"ಎಲ್ಲಿಂದಲೋ ಗೊತ್ತಿಲ್ಲ," ಎಂದರು ಮೇಷ್ಟ್ರು. "ಮೊದಲು ಅದು ದೇವರ ಕೆಲಸ ಅಂತ ಅವನಿಗೇ ಬಿಟ್ಟಿದ್ದೆ. ಈಗ ಹಾಗೆ ಬಿಡೋಕೆ ಯಾರೂ ಇಲ್ಲ."

ಎರಡು ವರ್ಷದ ಮೇಲೆ ತಂಗಿಗೆ ಹೊಟ್ಟೆಯ ಆಪರೇಷನ್ ಆಯಿತು. ಮೇಷ್ಟ್ರು, ಅವರ ಹೆಂಡತಿ ಸರದಿಯಲ್ಲಿ ಹಾಸಿಗೆಯ ಪಕ್ಕ ಕೂತರು. ಅತ್ತಿಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುವಾಗ ನಾದಿನಿ ತಡೆಯಲಿಲ್ಲ. ಅಣ್ಣ ಒದ್ದೆ ಬಟ್ಟೆಯಿಂದ ಅವಳ ಕೈಬೆರಳು ಒರೆಸುತ್ತಿದ್ದರು. ಕ್ಷಮಿಸಿದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಇವರೂ ಮತ್ತೆ ಕೇಳಲಿಲ್ಲ. ನೀರು ಬೇಕೆಂದಾಗ ಮಾತ್ರ, ಕಣ್ಣು ತೆರೆಯದೆಯೇ, "ಅಣ್ಣ" ಎನ್ನುತ್ತಿದ್ದಳು.