ಮಡಮ್ಮನಿಗೆ ಮದುವೆ ತಿಳಿಸಿ ಹೇಳಿದ್ದು

ಸಿಟ್ಟು ನುಂಗಿದವರಿಗೆ ಪುಣ್ಯ ಬರುತ್ತದೆಂದು ನಮ್ಮವ್ವ ಹೇಳುತ್ತಿದ್ದಳು. ಬರಲಿ, ಅವರಿಗೇ ಬರಲಿ. ನಾನು ನುಂಗಲಿಲ್ಲ, ಕಾಯ್ದಿಟ್ಟೆ.

ಬನಹಟ್ಟಿಯ ನೂಲಿನ ಸಾವಕಾರ ತನ್ನ ಹಿರಿಯ ಮಗನಿಗಾಗಿ ನನ್ನನ್ನು ನೋಡಲು ಜಮಖಂಡಿಗೆ ಬಂದಾಗ ಇನ್ನೂ ಅರಸರ ಕಾಲ. ಅಪ್ಪ ಕನ್ನಡ ಸಾಲಿಯ ಮಾಸ್ತರ. ಅವ್ವ ಶಿರಾ, ಉಪ್ಪಿಟ್ಟು ಮಾಡಿದ್ದಳು. ಬಂದವರು ನನ್ನನ್ನು ನಡೆಸಿದರು, ಜಡೆ ಬಿಚ್ಚಿಸಿ ನೋಡಿದರು, ಹಾಡಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಹೆಣ್ಣುಮಕ್ಕಳ ಪಾಡೇ ನನ್ನದೂ ಎಂದು ಸುಮ್ಮನಿರುತ್ತಿದ್ದೆ. ಸಾವಕಾರ ಮೀಸೆಗೆ ಹತ್ತಿದ ಶಿರಾ ಒರೆಸಿಕೊಳ್ಳುತ್ತ ಕೇಳಿದ:

“ಏನವಾ ಮಾಸ್ತರ ಮಗಳ, ಮದುವಿಗೆ ಇಂಗ್ಲೀಷಿನ್ಯಾಗ ಏನಂತಾರ?”

ನನಗೆ ಗೊತ್ತಿರಲಿಲ್ಲ. ಅಪ್ಪನ ಮುಖ ನೋಡಿದೆ. ಅವನಿಗೂ ಗೊತ್ತಿರಲಿಲ್ಲ.

“ಅಪ್ಪ ಮಗಳು ಇಬ್ರೂ ಭಾರಿ ಶ್ಯಾಣ್ಯಾರ ಅದಾರ ಬಿಡ್ರಿ! ನಮ್ಮ ಮನಿಗೆ ಸಾಹೇಬ್ರು ಬರ್ತಾರ. ಇಂಥಾಕಿನ್ನ ಕರಕೊಂಡು ಹೋಗಿ ಸಗಣಿ ಕುಳ್ಳ ಬಡಸಲೇನು?”

ಜೊತೆಗೆ ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಮುಗಿದ ಕೈ ಬಿಡದೆ ಅವರನ್ನು ಊರ ಅಗಸಿ ಬಾಗಿಲವರೆಗೆ ಕಳಿಸಿ ಬಂದ. ಮಾತು ಊರೆಲ್ಲ ಹಬ್ಬಿತು. ಸಾಲಿಯ ಹುಡುಗರು ಅಪ್ಪನ ಬೆನ್ನ ಹಿಂದೆ ಸಾವಕಾರನ ಪ್ರಶ್ನೆಯನ್ನೇ ಕೂಗಿ ಓಡುತ್ತಿದ್ದರು. ಸಾಯುವತನಕ ಅಪ್ಪ ನನಗಾಗಿ ಮತ್ತೊಬ್ಬರ ಹೊಸ್ತಿಲು ತುಳಿಯಲಿಲ್ಲ. ಆ ಸಾವಕಾರನ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದೆ.

ಬೇಡಿಕೊಂಡು ಸುಮ್ಮನೆ ಕೂಡಲಿಲ್ಲ. ದವಾಖಾನೆಯ ನರ್ಸಬಾಯಿಯ ಬೆನ್ನು ಬಿದ್ದೆ. ಕ್ರೈಸ್ತರ ಹೆಂಗಸು, ಇಂಗ್ಲಿಷ್ ನೀರು ಕುಡಿದಂತೆ ಮಾತಾಡುತ್ತಿದ್ದಳು. ಬೆಕ್ಕು, ನಾಯಿಯಿಂದ ಶುರು ಮಾಡಲು ಹೋದಳು.

“ಬೆಕ್ಕು ನಾಯಿ ಆಮ್ಯಾಲಿರಲಿ ಬಾಯಾರ. ಮದುವಿ, ಹಬ್ಬ, ರೀತಿ ರಿವಾಜು, ಇವ ಮೊದಲ ಕಲಸ್ರಿ,” ಅಂದೆ.

ವೆಡ್ಡಿಂಗ್, ಬ್ರೈಡ್, ಫೀಸ್ಟ್, ಕಸ್ಟಮ್. ಬೀಸುವ ಕಲ್ಲಿಗೆ ಜೋಳ ಹಾಕುತ್ತ ಹಾಕುತ್ತ ಬಾಯಿಪಾಠ ಮಾಡಿದೆ. ಉಪವಾಸಕ್ಕೆ ಮಾತು ಸಿಕ್ಕಿತು, ಉಡಿ ತುಂಬುವುದಕ್ಕೆ ಸಿಗಲಿಲ್ಲ. ಮದುಮಕ್ಕಳಿಗೆ ನೀರೆರೆಯುವ ಸುರಗಿಗೆ ಇಲ್ಲ, ಬಾಸಿಂಗಕ್ಕೆ ಇಲ್ಲ, ಬೀಗರಿಗಂತೂ ಇಲ್ಲವೇ ಇಲ್ಲ. ಕಾಕಾನೂ ಅಂಕಲ್, ಸೋದರಮಾವನೂ ಅಂಕಲ್! ಅಯ್ಯ ಶಿವನೇ, ಇಂಥ ಬಡ ಭಾಷೆಗಾಗಿ ನಮ್ಮಪ್ಪನ ತಲೆ ತಗ್ಗಿತೇ ಎಂದು ಇನ್ನಷ್ಟು ಉರಿಯಿತು. ಮಾತಿಲ್ಲದ ಕಡೆ ನಾಲ್ಕು ಮಾತು ಜೋಡಿಸಿ ತಿಳಿಸುವುದನ್ನು ಕಲಿತೆ. ಹಾಗೇ ಮುಂದೆ ಹೆಣ್ಣುಮಕ್ಕಳ ಸಾಲಿಗೆ ಅಕ್ಕೋರಾದೆ.

ಕೆಲವು ವರ್ಷಗಳ ಮೇಲೆ ಸಾವಕಾರನ ಕಿರಿಯ ಮಗನ ಮದುವೆ ರಬಕವಿಯಲ್ಲಿ ಗೊತ್ತಾಯಿತು. ಮುಂಬಯಿ ಗಿರಣಿಯ ಬಿಳಿ ಸಾಹೇಬ ಹೆಂಡತಿ ಮಡಮ್ಮನನ್ನು ಕರೆದುಕೊಂಡು ಬರುವವನಿದ್ದ. ಆ ಗಿರಣಿಯ ನೂಲಿನ ಏಜೆನ್ಸಿ ಸಾವಕಾರನಿಗೆ ಬೇಕಾಗಿತ್ತು. ಸಾಹೇಬ ಮಡಮ್ಮನ ಮಾತು ಮೀರುವುದಿಲ್ಲವೆಂದು ಯಾರೋ ಸಾವಕಾರನ ಕಿವಿಯಲ್ಲಿ ಊದಿದ್ದರು. ಮಡಮ್ಮನ ಪಕ್ಕ ಕೂತು ಮದುವೆ ತಿಳಿಸಿ ಹೇಳುವ ಹೆಂಗಸು ಬೇಕೆಂದು ಹುಡುಕುತ್ತ ನನ್ನ ಬಾಗಿಲಿಗೇ ಬಂದ. ಅವನು ನನ್ನ ಗುರುತು ಹಿಡಿಯಲಿಲ್ಲ. ನಾನು ಹಿಡಿದೆ.

“ಅಕ್ಕೋರ, ನಮ್ಮ ರೀತಿ ರಿವಾಜು ಮಡಮ್ಮಗ ಛಲೋತ್ನಂಗ ಹೇಳ್ರಿ. ಏಜೆನ್ಸಿ ನಿಮ್ಮ ನಾಲಿಗಿ ಮ್ಯಾಲ ಐತಿ.”

“ಇದ್ದದ್ದು ಇದ್ದಂಗ ಹೇಳ್ತೀನ್ರಿ,” ಅಂದೆ.

ಹಂದರದಲ್ಲಿ ಮಡಮ್ಮನ ಪಕ್ಕ ನನಗೂ ಕುರ್ಚಿ. ಅರಿಷಿಣ, ಸುರಗಿ, ಅಕ್ಕಿಕಾಳು, ಎಲ್ಲ ತಿಳಿಸಿದೆ. ಆಕೆ ಒಳ್ಳೆಯ ಹೆಂಗಸು, ಮಕ್ಕಳ ಹಾಗೆ ಕೇಳಿದ್ದನ್ನೇ ಕೇಳುತ್ತಿದ್ದಳು. ಅಲ್ಲಿಯವರೆಗೆ ನನ್ನ ಬಾಯಿಂದ ಒಂದು ಕೆಟ್ಟ ಮಾತು ಬರಲಿಲ್ಲ.

ಊಟಕ್ಕೆ ಎಲೆ ಹಾಕಿದರು. ಸಾವಕಾರ ಕೂಡಲಿಲ್ಲ. ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ಮುಖ ತಿರುಗಿಸಿ ನಿಂತ. ಗಂಡಿನ ಕಡೆಯವರು ಹೀಗೆ ಮುನಿಸಿಕೊಳ್ಳುವುದು, ಹೆಣ್ಣಿನ ಕಡೆಯವರು ರಮಿಸಿ ಕೂಡಿಸುವುದು ನಮ್ಮಲ್ಲಿ ಇದ್ದದ್ದೇ. ಎರಡು ಮಾತಿಗೆ ನಗೆಯಲ್ಲಿ ಮುಗಿಯುತ್ತದೆ. ಇವನು ಮುಗಿಸಲಿಲ್ಲ. ಹೆಣ್ಣಿನ ಅಪ್ಪ ವಯಸ್ಸಾದವನು. ಕೈ ಮುಗಿದ, ಕಾಲು ಹಿಡಿದ, ಕೊನೆಗೆ ತಲೆಯ ರುಮಾಲು ತೆಗೆದು ಇವನ ಪಾದದ ಮೇಲಿಟ್ಟ. ಸಾವಕಾರ ಮಡಮ್ಮನ ಕಡೆ ನೋಡಿ ಮೀಸೆ ತಿರುವಿದ. ಮುದುಕನ ಕಣ್ಣೀರಿನಲ್ಲಿ ತನ್ನ ದೌಲತ್ತು ತೋರಿಸುತ್ತಿದ್ದ, ಹಲ್ಕಟ್ಟ!

ಇದು ಎಂಥ ಸಂಪ್ರದಾಯ, ಆ ಮುದುಕ ಯಾಕೆ ಅಳುತ್ತಾನೆ ಎಂದು ಮಡಮ್ಮ ಕೇಳಿದಳು.

ಆಟ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆ ಮಾತೂ ನನಗೆ ಬರುತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಕೈ ಮುಗಿದು ನಿಂತವನು ನಮ್ಮಪ್ಪನೇ. ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದೆ: “ಇದು ನಮ್ಮ ಕಸ್ಟಮ್ ಅಲ್ಲ, ಮ್ಯಾಡಮ್. ಇದು ಈ ಮನುಷ್ಯನ ಗುಣ. ಹೆಣ್ಣು ಹೆತ್ತವರನ್ನು ಅಳಿಸುವುದೆಂದರೆ ಇವನಿಗೆ ಊಟಕ್ಕಿಂತ ರುಚಿ. ನನ್ನ ತಂದೆಯನ್ನೂ ಹೀಗೇ ಕೊಂದ.”

ಅದರಲ್ಲಿ ಕಸ್ಟಮ್ ಎಂಬುದೊಂದೇ ಸಾವಕಾರನಿಗೆ ತಿಳಿಯಿತು. “ಎಸ್ ಮ್ಯಾಡಮ್! ಕಸ್ಟಮ್, ಕಸ್ಟಮ್! ವೆರಿ ಗುಡ್!” ಎಂದು ಹಲ್ಲು ಕಿರಿದ. ಅವನ ಇಂಗ್ಲಿಷಿನ ಬಂಡವಾಳ ಅಷ್ಟೇ.

ಮಡಮ್ಮನ ಮುಖ ಕೆಂಪಾಯಿತು. ಈ ಮುದುಕನನ್ನು ಅಳಿಸಿ ನಿನಗೆ ಸಂತೋಷವೇ ಎಂದು ಅವನನ್ನೇ ಕೇಳಿದಳು. ಸಾವಕಾರ ನನ್ನ ಮುಖ ನೋಡಿದ. ನಾನು ಹಂದರದ ತೋರಣ ನೋಡಿದೆ.

“ಎಸ್ ಮ್ಯಾಡಮ್, ಎಸ್,” ಅಂದ.

ಮಡಮ್ಮ ಎಲೆ ಮುಟ್ಟದೆ ಎದ್ದಳು. ಗಂಡನಿಗೆ ಏನೋ ಹೇಳಿದಳು. ಸಾಹೇಬನೂ ಎದ್ದ. ಇಬ್ಬರೂ ಮೋಟಾರಿನ ಕಡೆ ನಡೆದರು.

“ಅಕ್ಕೋರ, ಏನಾತ್ರಿ? ಉಣ್ಣದ ಹೊಂಟ್ರಲ್ರಿ! ಏನಂದ್ರರಿ?” ಸಾವಕಾರ ನನ್ನ ಮುಂದೆ ಬಂದು ಬಾಗಿದ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

“ಮುನಿಸ್ಕೊಂಡಾರ್ರಿ,” ಅಂದೆ. “ಲಗೂನ ಹೋಗ್ರಿ. ರುಮಾಲ ತಗದು ಕಾಲಾಗ ಇಟ್ಟು ರಮಿಸಿ ಕರೀರಿ.”

ಓಡಿದ. ಬರಿತಲೆಯಲ್ಲಿ, ರುಮಾಲು ಎರಡೂ ಕೈಯಲ್ಲಿ ಹಿಡಿದು, ಬೀಗರೆಲ್ಲ ನೋಡುತ್ತಿರುವಾಗ, ಧೂಳಿನಲ್ಲಿ ಮೋಟಾರಿನ ಹಿಂದೆ ಓಡಿದ. ಮೋಟಾರು ನಿಲ್ಲಲಿಲ್ಲ.